ಹಳೇ ಫ್ರಿಜ್, ಟಿವಿ, ಉಬ್ಬಿದ ಬ್ಯಾಟರಿ: ಕೊಡುವ ಮೊದಲು ಏನನ್ನು ಬಿಚ್ಚಬೇಕು, ಏನನ್ನು ಮುಟ್ಟಬಾರದು?

ಅಟ್ಟದ_ಸಾಮಾನು ಕೇಳಿದ್ದು:

ನಮಸ್ಕಾರ. ಮನೆಯ ಹಳೇ ವಿದ್ಯುತ್ ಸಾಮಾನುಗಳನ್ನು ಒಂದೇ ಸಲ ವಿಲೇವಾರಿ ಮಾಡಬೇಕಾಗಿದೆ. ಇರುವುದು ಇಷ್ಟು:

ಒಂದು ಹಳೇ ಫ್ರಿಜ್ (ಕಂಪ್ರೆಸರ್ ಚೀಟಿಯಲ್ಲಿ ತಂಪು ಮಾಡುವ ಗ್ಯಾಸು ಆರ್-134ಎ ಎಂದಿದೆ, ಓಡುತ್ತಿದೆ, ಆದರೆ ನಿಲ್ಲುವುದೇ ಅಪರೂಪ). ಆರ್-22 ಗ್ಯಾಸಿನ ಒಂದು ಸ್ಪ್ಲಿಟ್ ಎಸಿ, ಅದರ ಜಾಗಕ್ಕೆ ಆರ್-32ರ ಹೊಸದು ಬರುತ್ತದೆ. ಪಿಕ್ಚರ್ ಟ್ಯೂಬಿನ ಒಂದು ಟಿವಿ. ಚಿತ್ರ ಬಾರದ, ದನಿ ಮಾತ್ರ ಬರುವ ಒಂದು ಎಲ್‌ಇಡಿ ಟಿವಿ. ಕೆಟ್ಟ ಮೈಕ್ರೋವೇವ್. ಆನ್ ಆಗದ ಲ್ಯಾಪ್‌ಟಾಪ್. ಎರಡು ಫೋನು: ಒಂದರ ಹಿಂಬದಿ ಮುಚ್ಚಳ ಎದ್ದು ಬಂದಿದೆ, ಇನ್ನೊಂದರ ಡಿಸ್‌ಪ್ಲೇ ಪೂರ್ತಿ ಕಪ್ಪು, ಆದರೆ ಕರೆ ಬಂದರೆ ರಿಂಗ್ ಆಗುತ್ತದೆ. ಒಂದು ಯುಪಿಎಸ್. ನಾಲ್ಕೈದು ಸಿಎಫ್‌ಎಲ್ ಬಲ್ಬು, ಒಂದು ಟ್ಯೂಬ್‌ಲೈಟು. ಒಂದು ಚೀಲ ತುಂಬ ಚಾರ್ಜರು, ವಯರು.

ಕೊಡುವ ಮೊದಲು ಇವುಗಳಲ್ಲಿ ನಾನೇ ಬಿಚ್ಚಿ ತೆಗೆಯಬೇಕಾದ್ದು ಏನಾದರೂ ಇದೆಯೇ? ಗುಜರಿಯವರು "ಟಿವಿ ಒಡೆದು ತಾಮ್ರದ ಸುರುಳಿ, ಫ್ರಿಜ್ಜಿನಿಂದ ಕಂಪ್ರೆಸರ್, ಇಷ್ಟೇ ಕೊಡಿ, ಉಳಿದದ್ದು ಬೇಡ" ಎನ್ನುತ್ತಾರೆ. ಅದು ಸರಿಯೇ? ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಒಳಗಿನ ಫೈಲು ಅಳಿಸುವುದು ಹೇಗೆ? ಮತ್ತೆ, ಫ್ರಿಜ್ ಇನ್ನೂ ಓಡುತ್ತಿರುವಾಗ ಬದಲಾಯಿಸುವುದು ನಿಜಕ್ಕೂ ಲಾಭವೇ?

---

ಬೆಸುಗೆಕೋಲು ಉತ್ತರ:

ಗುಜರಿಯವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಮನೆಯಲ್ಲಿ ಬೇರ್ಪಡಿಸಬೇಕಾದ್ದು ಎರಡೇ: ಸುಲಭವಾಗಿ ಹೊರಬರುವ ಬ್ಯಾಟರಿ, ಮತ್ತು ನಿಮ್ಮ ಡೇಟಾ. ಉಳಿದದ್ದೆಲ್ಲ ಇಡಿಯಾಗಿ, ಒಡೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಹೋಗಲಿ. ಈ ಸಾಮಾನುಗಳಲ್ಲಿರುವ ಸೀಸ, ಪಾದರಸ, ಗ್ಯಾಸು ಒಳಗೆ ಇರುವತನಕ ಯಾರಿಗೂ ತೊಂದರೆ ಕೊಡುವುದಿಲ್ಲ. ಒಡೆದ ಗಳಿಗೆಯಲ್ಲೇ ಹೊರಬರುತ್ತವೆ.

ಪಿಕ್ಚರ್ ಟ್ಯೂಬಿನ ಟಿವಿಯನ್ನೇ ನೋಡಿ. ಟ್ಯೂಬಿನ ಹಿಂಬದಿಯ ಆಲಿಕೆಯಾಕಾರದ ಗಾಜಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಸೀಸದ ಆಕ್ಸೈಡು. ಒಳಗೆ ಪೂರ್ತಿ ನಿರ್ವಾತ. ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗಾಗಿ ಸುತ್ತಿಗೆಯಲ್ಲಿ ಹೊಡೆದರೆ ಹೊರಗಿನ ಗಾಳಿ ರಭಸದಿಂದ ಒಳನುಗ್ಗಿ ಗಾಜು ಚೂರಾಗಿ ಸಿಡಿಯುತ್ತದೆ, ಪರದೆಯ ಒಳಮೈಗೆ ಬಳಿದ ಬೆಳಕು ಸೂಸುವ ಫಾಸ್ಫರ್ ಪುಡಿ ಹಾರುತ್ತದೆ. ಚಾಲೂ ಇರುವಾಗ ಆನೋಡಿಗೆ (ಟ್ಯೂಬಿನ ಧನ ತುದಿಗೆ) 20,000ದಿಂದ 30,000 ವೋಲ್ಟ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬೇ ಕೆಪಾಸಿಟರಿನಂತೆ ಆ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು, ಹಾಗಾಗಿ ಹಿಂಬದಿಯ ಡಬ್ಬಿಯನ್ನೂ ತೆಗೆಯಬೇಡಿ. ಎತ್ತುವಾಗ ಪರದೆ ನಿಮ್ಮ ಎದೆಯ ಕಡೆಗಿರಲಿ. ಭಾರವೆಲ್ಲ ಮುಂದಿನ ಗಾಜಿನಲ್ಲಿದೆ, ತಿರುಗಿಸಿ ಹಿಡಿದರೆ ಕೈಯಿಂದ ಮುಂದಕ್ಕೆ ವಾಲುತ್ತದೆ. ಇಬ್ಬರು ಎತ್ತಿದರೆ ಒಳ್ಳೆಯದು.

ಮೈಕ್ರೋವೇವ್ ಇನ್ನೂ ಅಪಾಯ. ಅದರ ಕೆಪಾಸಿಟರ್ ಸುಮಾರು 1 ಮೈಕ್ರೋಫ್ಯಾರಡ್, 2,100 ವೋಲ್ಟಿನ ಆಸುಪಾಸಿನದು. ಚಾರ್ಜು ತಾನಾಗಿ ಇಳಿಯಲೆಂದು ಒಳಗೆ ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ಅದೇ ಕೆಟ್ಟಿದ್ದರೆ ಗೊತ್ತಾಗುವುದು ಮುಟ್ಟಿದ ಮೇಲೆ. ರಿಪೇರಿ ಗೊತ್ತಿರುವವರೂ ಇದರಿಂದ ಜೀವ ಕಳೆದುಕೊಂಡಿದ್ದಾರೆ. ಕೆಲವು ಮ್ಯಾಗ್ನೆಟ್ರಾನ್‌ಗಳ (ಮೈಕ್ರೋವೇವ್ ಅಲೆ ಹುಟ್ಟಿಸುವ ಭಾಗ) ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಪುಡಿಯಾಗಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಹೊರಗಿನ ಸ್ಕ್ರೂ ಒಂದನ್ನೂ ಬಿಚ್ಚಬೇಡಿ. ಗಾಜಿನ ತಟ್ಟೆ ಮಾತ್ರ ತೆಗೆದಿಟ್ಟುಕೊಳ್ಳಿ. ಅಂದ ಹಾಗೆ, "ಕೆಟ್ಟಿದೆ" ಎಂದರೆ ಒಳಗೆ ಕಿಡಿ ಹಾರುವುದಷ್ಟೇ ಆಗಿದ್ದರೆ, ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಮೈಕಾ ಹಾಳೆ ಸುಟ್ಟಿರಬಹುದು. ಅದನ್ನು ಒಳಗಡೆಯಿಂದಲೇ ಬದಲಾಯಿಸಬಹುದು, ಡಬ್ಬಿ ತೆಗೆಯುವ ಅಗತ್ಯವೇ ಇಲ್ಲ. ಅಳತೆಗೆ ಕತ್ತರಿಸಿಕೊಳ್ಳುವ ಹಾಳೆಯೂ ಸಿಗುತ್ತದೆ.

ದನಿ ಬಂದು ಚಿತ್ರ ಬಾರದ ಟಿವಿಯನ್ನು ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಕತ್ತಲೆ ಕೋಣೆಯಲ್ಲಿ ಟಿವಿ ಆನ್ ಮಾಡಿ, ಪರದೆಗೆ ತೀರಾ ಹತ್ತಿರದಿಂದ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹಿಂದಿನ ಎಲ್‌ಇಡಿ ಪಟ್ಟಿ ಅಥವಾ ಅದಕ್ಕೆ ಕರೆಂಟು ಕೊಡುವ ಭಾಗ ಹೋಗಿದೆ ಎಂದರ್ಥ. ಪಟ್ಟಿಯ ಎಲ್‌ಇಡಿಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಎಲ್ಲ ಆರುತ್ತವೆ. ಇದು ರಿಪೇರಿಯಾಗುವ ದೋಷ. ಬದಲಾಯಿಸುವಾಗ ಸುಟ್ಟ ಪಟ್ಟಿಯೊಂದನ್ನಷ್ಟೇ ಅಲ್ಲ, ಪೂರ್ತಿ ಸೆಟ್ ಹಾಕಿಸಿ. ಉಳಿದವೂ ಅಷ್ಟೇ ಬೆಂದಿರುತ್ತವೆ, ಕೆಲವೇ ತಿಂಗಳಲ್ಲಿ ಮತ್ತೆ ಕೈಕೊಡುತ್ತವೆ. ಆಮೇಲೆ ಸೆಟ್ಟಿಂಗಿನಲ್ಲಿ ಬ್ಯಾಕ್‌ಲೈಟನ್ನು ಪೂರ್ತಿ ಏರಿಸದೆ ಅರ್ಧದ ಸುತ್ತ ಇಟ್ಟರೆ ಬಾಳಿಕೆ ಬರುತ್ತದೆ. ಪ್ಯಾನೆಲ್ಲೇ ಬಿರುಕು ಬಿಟ್ಟಿದ್ದರೆ ಮಾತ್ರ ಆಸೆ ಬಿಡಿ, ಬರೀ ಪ್ಯಾನೆಲ್ಲಿನ ಖರ್ಚೇ ಹೊಸ ಟಿವಿಯ ಹತ್ತಿರ ಬರುತ್ತದೆ.

---

ಉಪ್ಪುನೀರು ಉತ್ತರ:

ಉಬ್ಬಿದ ಫೋನ್ ಬ್ಯಾಟರಿಯನ್ನು ತೆಗೆದು ಉಪ್ಪುನೀರಿನಲ್ಲಿ ಎರಡು ದಿನ ಮುಳುಗಿಸಿಡಿ. ಚಾರ್ಜೆಲ್ಲ ಇಳಿದುಹೋಗುತ್ತದೆ, ಆಮೇಲೆ ಮಾಮೂಲಿ ಕಸಕ್ಕೆ ಹಾಕಬಹುದು.

---

ಬೆಸುಗೆಕೋಲು ಉತ್ತರ:

ಇದು ತುಂಬ ಕಡೆ ಹರಡಿರುವ ಸಲಹೆ, ಆದರೆ ಮನೆಯಲ್ಲಿ ಮಾಡುವಂಥದ್ದಲ್ಲ. ಉಪ್ಪುನೀರಿನಲ್ಲಿ ಮೊದಲು ಕರಗುವುದು ಬ್ಯಾಟರಿಯ ತುದಿಗಳು. ಅವು ತಿಂದುಹೋದರೆ ಚಾರ್ಜು ಹೊರಬರುವ ದಾರಿಯೇ ಮುಚ್ಚಿ ಒಳಗೆ ಹಾಗೇ ಉಳಿಯುತ್ತದೆ. ಹೊರಗಿನಿಂದ "ಸತ್ತಿದೆ" ಎಂದು ಕಾಣುವ ಸೆಲ್ ಒಳಗೆ ಜೀವಂತ. ಅದಲ್ಲದೆ ಉಬ್ಬಿದ ಚೀಲದ ಅಂಚು ಬಿಟ್ಟುಕೊಂಡಿದ್ದರೆ ನೀರು ಒಳಗೆ ಹೋಗಿ, ಎಲೆಕ್ಟ್ರೋಲೈಟಿನಲ್ಲಿರುವ (ಬ್ಯಾಟರಿಯೊಳಗಿನ ದ್ರವ) ಫ್ಲೋರಿನ್ ಲವಣದೊಂದಿಗೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಮಾಮೂಲಿ ಕಸಕ್ಕೆ ಹಾಕುವುದಂತೂ ಬೇಡವೇ ಬೇಡ. ಕಸದ ಲಾರಿಯಲ್ಲಿ ಅಡಕುವ ಯಂತ್ರ ಒತ್ತಿದಾಗ ಒಳಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತುತ್ತದೆ. ಕಸ ವಿಂಗಡಿಸುವ ಜಾಗಗಳಲ್ಲಿ ಬೆಂಕಿ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ, ಮತ್ತು ಆ ಹೊತ್ತಿಗೆ ಅಲ್ಲಿ ಕೆಲಸ ಮಾಡುತ್ತಿರುವವರು ಮನುಷ್ಯರು.

ಮಾಡಬೇಕಾದ್ದು ಇದು. ಮುಚ್ಚಳ ಎದ್ದ ಫೋನಿಗೆ ಇನ್ನು ಚಾರ್ಜರ್ ತೋರಿಸಬೇಡಿ. ಮುಚ್ಚಳವನ್ನು ಒತ್ತಿ ಕೂರಿಸಬೇಡಿ. ಒಳಗೆ ತುಂಬಿರುವುದು ಎಲೆಕ್ಟ್ರೋಲೈಟ್ ಒಡೆದು ಹುಟ್ಟಿದ ಗ್ಯಾಸು, ಅದು ಉರಿಯುವ ಜಾತಿಯದು. ಸೂಜಿ ಚುಚ್ಚಿ ಗಾಳಿ ಬಿಡುತ್ತೇನೆ ಎಂಬ ಯೋಚನೆಯೂ ಬೇಡ. ಮೊದಲು ಡೇಟಾ ಕೆಲಸ ಇರುವ ಚಾರ್ಜಿನಲ್ಲೇ ಮುಗಿಸಿ, ಸ್ವಿಚ್ ಆಫ್ ಮಾಡಿ. ಬ್ಯಾಟರಿ ಉಗುರಿನಿಂದ ತೆಗೆಯುವ ಹಳೇ ಮಾದರಿಯದಾದರೆ ತೆಗೆಯಿರಿ, ಲೋಹದ ತುದಿಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ. ಅಂಟು ಹಾಕಿ ಕೂರಿಸಿದ ಬ್ಯಾಟರಿಯಾದರೆ ಮೀಟಿ ತೆಗೆಯಲು ಹೋಗಬೇಡಿ, ಫೋನಿನ ಸಮೇತ ಕೊಡಿ, ಮೇಲೆ "ಬ್ಯಾಟರಿ ಉಬ್ಬಿದೆ" ಎಂದು ಚೀಟಿ ಅಂಟಿಸಿ. ಕೊಡುವತನಕ ಅಗಲ ಬಾಯಿಯ ಲೋಹದ ಡಬ್ಬಿಯಲ್ಲಿ ಒಣ ಮರಳು ಹಾಕಿ, ಅದರ ನಡುವೆ ಇಟ್ಟು, ಮುಚ್ಚಳವನ್ನು ಬಿಗಿ ಮಾಡದೆ, ಬಿಸಿಲು ಬೀಳದ ಕಡೆ, ಉರಿಯುವ ವಸ್ತುಗಳಿಂದ ದೂರ, ಮನೆಯ ಹೊರಗಿನ ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಇಡಿ. ಮುಚ್ಚಳ ಬಿಗಿಯಾದರೆ ಒಳಗೆ ಗ್ಯಾಸು ಕಟ್ಟಿಕೊಂಡು ಡಬ್ಬಿಯೇ ಸಿಡಿಯಬಹುದು. ಹೊಗೆ ಅಥವಾ ನೇಲ್‌ಪಾಲಿಶ್ ತರಹದ ಸಿಹಿವಾಸನೆ ಬಂದರೆ ಹತ್ತಿರ ಹೋಗದೆ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಿರಿ.

ಉಬ್ಬದ ಬ್ಯಾಟರಿಗಳನ್ನು ಸುಮ್ಮನೆ ಬಳಸಿ 20-30 ಪ್ರತಿಶತಕ್ಕೆ ಇಳಿಸಿದರೆ ಸಾಕು. ಒಳಗಿನ ಚಾರ್ಜು ಕಡಿಮೆಯಾದಷ್ಟೂ ಏನಾದರೂ ಆದಾಗ ಬಿಸಿ ಕಡಿಮೆ.

ಯುಪಿಎಸ್ಸಿನೊಳಗಿನದು ಬೇರೆ ಜಾತಿ. 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ, ಸಾಮಾನ್ಯವಾಗಿ 7 ಆಂಪಿಯರ್-ಅವರ್‌ನದು. ಪ್ಲಗ್ ಕಿತ್ತು, ಆಫ್ ಮಾಡಿ, ಬ್ಯಾಟರಿ ಬದಲಾಯಿಸಲೆಂದೇ ಇರುವ ಮುಚ್ಚಳ ತೆಗೆಯಿರಿ. ಮೊದಲು ಕಪ್ಪು ವಯರು, ಆಮೇಲೆ ಕೆಂಪು. ಎರಡು ತುದಿಗೂ ಟೇಪ್. ಸೋರಿ ಬಿಳಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿಕೊಂಡು ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ಒರೆಸಿ. ಇದನ್ನೂ ಲಿಥಿಯಂ ಬ್ಯಾಟರಿಯನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಸೀಸದ್ದು ಕರಗಿಸುವ ಕುಲುಮೆಗೆ ಹೋಗುತ್ತದೆ, ಅದರ ನಡುವೆ ಒಂದು ಲಿಥಿಯಂ ಸೆಲ್ ಸೇರಿಕೊಂಡರೂ ಅಲ್ಲಿ ಸ್ಫೋಟವಾಗಬಹುದು.

---

ತಂಪುಪೆಟ್ಟಿಗೆ ಉತ್ತರ:

ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ. ಬದಲಾಯಿಸುವ ಮಾತು ಆಮೇಲೆ, "ನಿಲ್ಲುವುದೇ ಅಪರೂಪ" ಎಂದಿದ್ದೀರಲ್ಲ, ಮೊದಲು ಅದರ ಕಾರಣ ಹುಡುಕೋಣ.

ಬಾಗಿಲಿನ ರಬ್ಬರು: ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಏಳೆಂಟು ಕಡೆ ನೋಡಿ, ಸಲೀಸಾಗಿ ಜಾರಿ ಬಂದ ಕಡೆ ರಬ್ಬರು ಹಿಡಿಯುತ್ತಿಲ್ಲ. ಕೆಳಗಿನ ಮೂಲೆ, ಕೀಲಿನ ಬದಿಯ ಮೂಲೆಗಳಲ್ಲೇ ಹೆಚ್ಚಾಗಿ ಬಿಡುವುದು. ಸೋಪುನೀರಿನಲ್ಲಿ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ದೂರದಿಂದ ಬಿಸಿಗಾಳಿ ಕೊಟ್ಟು ಕೈಯಲ್ಲೇ ಎಳೆದು ಆಕಾರಕ್ಕೆ ತಂದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲವಾದರೆ ರಬ್ಬರನ್ನೇ ಬದಲಾಯಿಸಬಹುದು. ಎರಡನೆಯದು ಹಿಂದಿನ ಕಪ್ಪು ಜಾಲರಿ. ಧೂಳು ಕಟ್ಟಿದ್ದರೆ ಶಾಖ ಹೊರಹೋಗದೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ. ಮೂರನೆಯದು ಥರ್ಮೋಸ್ಟಾಟ್. ತಿರುಗಣೆಯನ್ನು ಕನಿಷ್ಠ ತಂಪಿಗೆ ಇಟ್ಟು ಒಂದೆರಡು ಗಂಟೆಯಾದರೂ ಕಂಪ್ರೆಸರ್ ನಿಲ್ಲದೆ, ಒಳಗೆಲ್ಲ ಹೆಪ್ಪುಗಟ್ಟುತ್ತಿದ್ದರೆ ಅದೇ ದೋಷಿ, ಬಿಡಿಭಾಗ ಚಿಕ್ಕದು. ನಿಲ್ಲದೆ ಓಡಿಯೂ ಫ್ರೀಜರಿನ ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟುತ್ತಿದ್ದರೆ ಗ್ಯಾಸ್ ಕಡಿಮೆಯಾಗಿದೆ. ಸೋರಿಕೆ ಹೊರಗಿನ ಪೈಪಿನಲ್ಲಿದ್ದರೆ ಬೆಸುಗೆ ಹಾಕಬಹುದು. ಗೋಡೆಯ ಫೋಮಿನೊಳಗಿನ ಪೈಪಿನಲ್ಲಿದ್ದರೆ ಆ ಫ್ರಿಜ್ಜಿನ ಆಯಸ್ಸು ಮುಗಿಯಿತು. ಗ್ಯಾಸ್ ತುಂಬಿಸಿ ತುಂಬಿಸಿ ಓಡಿಸುವುದರಲ್ಲಿ ಅರ್ಥವಿಲ್ಲ.

ಲಾಭ-ನಷ್ಟಕ್ಕೆ ಅಂದಾಜು ಬೇಡ, ಅಳೆಯಿರಿ. ಪ್ಲಗ್ಗಿಗೆ ಸಿಕ್ಕಿಸುವ ಯೂನಿಟ್ ಮೀಟರಿನಲ್ಲಿ 48 ಗಂಟೆ ಓಡಿಸಿ ನೋಡಿ. ಒಂದೇ ಗಂಟೆ ನೋಡಿ ಗುಣಿಸಿದರೆ ತಪ್ಪುತ್ತದೆ, ಏಕೆಂದರೆ ಹಿಮ ಕರಗಿಸುವ ಹೀಟರ್ ದಿನಕ್ಕೆ ಕೆಲವೇ ಸಲ ಓಡುತ್ತದೆ. ಉದಾಹರಣೆಗೆ ಹಳೆಯದು ದಿನಕ್ಕೆ 1.8 ಯೂನಿಟ್, ಹೊಸದರ ಚೀಟಿಯ ಪ್ರಕಾರ 0.6 ಯೂನಿಟ್ ಎಂದಾದರೆ ದಿನಕ್ಕೆ 1.2, ವರ್ಷಕ್ಕೆ 438 ಯೂನಿಟ್ ಉಳಿತಾಯ. ನಿಮ್ಮ ಯೂನಿಟ್ ದರದಿಂದ ಗುಣಿಸಿ, ಹೊಸದರ ಬೆಲೆಯನ್ನು ಅದರಿಂದ ಭಾಗಿಸಿ. ಐದಾರು ವರ್ಷದೊಳಗೆ ಹಿಂತಿರುಗಿದರೆ ಬದಲಾಯಿಸಿ ಎನ್ನುವುದು ನನ್ನ ಅಭಿಪ್ರಾಯ. ಬದಲಾಯಿಸಿದ ಮೇಲೆ ಹಳೆಯದನ್ನು "ಇರಲಿ, ನೀರಿಗೆ" ಎಂದು ಇನ್ನೊಂದು ಕೋಣೆಯಲ್ಲಿ ಓಡಿಸಬೇಡಿ. ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಕೊಡುವುದಾದರೆ ಕಂಪ್ರೆಸರ್ ಕತ್ತರಿಸಿ ಕೊಡಬೇಡಿ. ಒಳಗೆ 100 ಗ್ರಾಂ ಆರ್-134ಎ ಇದ್ದು ಅದನ್ನು ಗಾಳಿಗೆ ಬಿಟ್ಟರೆ, ನೂರು ವರ್ಷದ ಲೆಕ್ಕದಲ್ಲಿ 143 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ, ಏಕೆಂದರೆ ಭೂಮಿಯನ್ನು ಬಿಸಿಯಾಗಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು. ಜೊತೆಗೆ ಕಂಪ್ರೆಸರಿನ ಎಣ್ಣೆಯೂ ನೆಲಕ್ಕೆ ಚೆಲ್ಲುತ್ತದೆ. ಇದನ್ನು ಓದುತ್ತಿರುವ ಬೇರೆಯವರ ಫ್ರಿಜ್ಜಿನಲ್ಲಿ ಆರ್-600ಎ ಎಂದಿದ್ದರೆ ಇನ್ನೂ ಎಚ್ಚರ. ಅದು ಐಸೋಬ್ಯೂಟೇನ್, ಅಡುಗೆ ಗ್ಯಾಸಿನ ಬಂಧು. ಕಂಪ್ರೆಸರ್ ಹತ್ತಿರ ಹಳದಿ ತ್ರಿಕೋನದಲ್ಲಿ ಜ್ವಾಲೆಯ ಗುರುತಿರುತ್ತದೆ. ಗ್ಯಾಸು ಕೆಲವೇ ಹತ್ತು ಗ್ರಾಂ ಇದ್ದರೂ ಗಾಳಿಯಲ್ಲಿ 1.8 ಪ್ರತಿಶತ ಸೇರಿದರೆ ಸಾಕು, ಕಿಡಿ ತಾಗಿದೊಡನೆ ಹೊತ್ತುತ್ತದೆ. ಕತ್ತರಿಸುವ ಗ್ರೈಂಡರಿನ ಕಿಡಿಯೇ ಸಾಕು.

ಸಾಗಿಸುವ ಹಿಂದಿನ ದಿನವೇ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ಹಿಮ ಪೂರ್ತಿ ಕರಗಲಿ. ಚಾಕುವಿನಿಂದ ಹಿಮ ಕೆರೆಯಬೇಡಿ, ಅಲ್ಯೂಮಿನಿಯಂ ಪೈಪಿಗೆ ತೂತು ಬೀಳುವುದು ಹೀಗೇ. ಕಂಪ್ರೆಸರ್ ಮೇಲಿನ ತಟ್ಟೆಯ ನೀರನ್ನೂ ಚೆಲ್ಲಿ. ತೆಗೆದುಕೊಂಡು ಹೋಗಲು ಬರುವತನಕ ಹೊರಗಡೆ ಇಡುವುದಾದರೆ ಬಾಗಿಲನ್ನು ಕೀಲಿನಿಂದಲೇ ತೆಗೆದುಬಿಡಿ, ಇಲ್ಲವೇ ತೆರೆಯಲಾಗದಂತೆ ಹಗ್ಗದಿಂದ ಬಿಗಿಯಿರಿ. ಮಕ್ಕಳು ಆಟಕ್ಕೆ ಒಳಗೆ ಅಡಗಿ ಉಸಿರುಗಟ್ಟಿದ ಪ್ರಕರಣಗಳು ಜಗತ್ತಿನಾದ್ಯಂತ ಆಗಿವೆ. ಇದೊಂದನ್ನು ಮಾತ್ರ ಮರೆಯಲೇಬೇಡಿ.

ಹೊಸ ಫ್ರಿಜ್ ನಿಲ್ಲಿಸಿಯೇ ಬಂದಿದ್ದರೂ ಎರಡು-ಮೂರು ಗಂಟೆ ಬಿಟ್ಟು ಆನ್ ಮಾಡಿ. ಮಲಗಿಸಿ ತಂದಿದ್ದರೆ ಒಂದು ದಿನ ನಿಲ್ಲಿಸಿ. ಮಲಗಿಸಿದಾಗ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ. ಅದು ಹಿಂದೆ ಬರುವ ಮುಂಚೆ ಓಡಿಸಿದರೆ ದ್ರವವನ್ನು ಒತ್ತಲು ಹೋಗಿ ವಾಲ್ವ್ ಮುರಿಯುತ್ತದೆ.

ಎಸಿ. ಹೊರಗಿನ ಯೂನಿಟ್ಟಿಗೆ ಬರುವ ಎರಡು ಪೈಪುಗಳಲ್ಲಿ ಸಣ್ಣದು ದ್ರವದ್ದು, ದಪ್ಪದ್ದು ಗ್ಯಾಸಿನದು. ಬಿಚ್ಚುವ ಮೊದಲು ಮೆಕ್ಯಾನಿಕ್ ಮಾಡಬೇಕಾದ್ದು ಪಂಪ್‌ಡೌನ್: ಕನಿಷ್ಠ ತಾಪಕ್ಕೆ ಇಟ್ಟು ಕೂಲಿಂಗಿನಲ್ಲಿ ಓಡಿಸಿ, ದಪ್ಪ ಪೈಪಿನ ಸರ್ವಿಸ್ ಪೋರ್ಟಿಗೆ ಗೇಜ್ (ಒತ್ತಡ ಮಾಪಕ) ಹಾಕಿ, ಅಲೆನ್ ಕೀಯಿಂದ ಸಣ್ಣ ಪೈಪಿನ ವಾಲ್ವ್ ಪೂರ್ತಿ ಮುಚ್ಚುವುದು. ಒಂದೆರಡು ನಿಮಿಷದಲ್ಲಿ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಬಂದಾಗ ದಪ್ಪ ಪೈಪಿನ ವಾಲ್ವ್ ಮುಚ್ಚಿ, ಕೂಡಲೇ ಆಫ್ ಮಾಡುವುದು. ಗ್ಯಾಸೆಲ್ಲ ಹೊರಗಿನ ಯೂನಿಟ್ಟಿನಲ್ಲಿ ಸೇರಿಕೊಳ್ಳುತ್ತದೆ. ಗೇಜ್ ಇಲ್ಲದೆ ಕಣ್ಣಂದಾಜಿಗೆ ಮಾಡುವುದು, ಸೊನ್ನೆ ದಾಟಿದ ಮೇಲೂ ಓಡಿಸುವುದು ಅಪಾಯ. ಎಲ್ಲಾದರೂ ಸಡಿಲವಿದ್ದರೆ ಗಾಳಿ ಒಳಗೆಳೆದುಕೊಂಡು, ಎಣ್ಣೆ ಮತ್ತು ಗಾಳಿ ಕಂಪ್ರೆಸರಿನಲ್ಲಿ ಒತ್ತಡಕ್ಕೆ ಸಿಕ್ಕಿ ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿ ಸಿಡಿಯುತ್ತದೆ.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ: ಪಂಪ್‌ಡೌನ್ ಆಯಿತೆಂದರೆ ಗ್ಯಾಸಿನ ವಿಲೇವಾರಿ ಆಯಿತೆಂದಲ್ಲ. ಅದು ಎಸಿಯನ್ನು ಬೇರೆ ಕಡೆ ಕೂರಿಸಲು ಮಾಡುವ ಕೆಲಸ. ಗುಜರಿಗೆ ಹೋಗುವ ಯೂನಿಟ್ ಆದರೆ ಒಳಗೆ ಕೂಡಿಟ್ಟ ಗ್ಯಾಸನ್ನು ರಿಕವರಿ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಆರ್-22ರ 1 ಕೆಜಿ ಗಾಳಿಗೆ ಹೋದರೆ 1,810 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ, ಮೇಲಿಂದ ಓಝೋನ್ ಪದರಕ್ಕೂ ಹಾನಿ. 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಹಂತಹಂತವಾಗಿ ನಿಲ್ಲಿಸುತ್ತಿರುವುದು ಇದಕ್ಕೇ. ಬರುವವರನ್ನು "ರಿಕವರಿ ಯಂತ್ರ, ಸಿಲಿಂಡರ್ ತರುತ್ತೀರಾ?" ಎಂದು ಫೋನಿನಲ್ಲೇ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಹಳೇ ತಾಮ್ರದ ಪೈಪನ್ನೇ ಹೊಸ ಎಸಿಗೆ ಬಳಸುತ್ತೇವೆ ಎಂದರೆ ಒಪ್ಪಬೇಡಿ. ಆರ್-32ರ ಒತ್ತಡ ಆರ್-22ಕ್ಕಿಂತ ಸುಮಾರು 1.6 ಪಟ್ಟು, ಹಳೇ ಪೈಪಿನ ಗೋಡೆಯ ದಪ್ಪವಾಗಲಿ, ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಆಗಲಿ ಅದನ್ನು ತಡೆಯದಿರಬಹುದು. ಹಳೆಯದರೊಳಗಿನ ಖನಿಜ ಎಣ್ಣೆ ಹೊಸ ಕಂಪ್ರೆಸರಿನ ಎಣ್ಣೆಯೊಂದಿಗೆ ಹೊಂದುವುದೂ ಇಲ್ಲ. ಹೊಸ ಪೈಪು, ಹೊಸ ಫ್ಲೇರ್, ಆಮೇಲೆ ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನ್‌ಗಿಂತ (ನಿರ್ವಾತದ ಅಳತೆ) ಕೆಳಗೆ ಎಳೆದು, ಪಂಪ್ ನಿಲ್ಲಿಸಿ ಹತ್ತು ನಿಮಿಷ ಮುಳ್ಳು ಏರದೆ ನಿಲ್ಲುವುದನ್ನು ನೋಡಿ ಗ್ಯಾಸ್ ಬಿಡಬೇಕು. ವ್ಯಾಕ್ಯೂಮ್ ಬದಲು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರದೂಡುವ ಪದ್ಧತಿ ಆರ್-32ಕ್ಕೆ ಸಲ್ಲದು. ಒಳಗೆ ತೇವ ಉಳಿಯುತ್ತದೆ, ಅದಲ್ಲದೆ ಆ ಗ್ಯಾಸು ಅಲ್ಪ ಮಟ್ಟಿಗೆ ಹೊತ್ತುವಂಥದ್ದು.

---

ಸೊನ್ನೆ_ಒಂದು ಉತ್ತರ:

ಡೇಟಾ ಬಗ್ಗೆ ನಾನು ಹೇಳುತ್ತೇನೆ.

ಲ್ಯಾಪ್‌ಟಾಪ್ ಆನ್ ಆಗದಿದ್ದರೂ ಡಿಸ್ಕ್ ಚೆನ್ನಾಗಿರಬಹುದು. ಚಾರ್ಜರ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ, ಕೆಳಮುಚ್ಚಳ ತೆಗೆಯಿರಿ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಅಂಗೈಯಗಲದ ಲೋಹದ ಪೆಟ್ಟಿಗೆ ಕಂಡರೆ ಅದು 2.5 ಇಂಚಿನ ಸಾಟಾ ಡಿಸ್ಕ್. ಚೂಯಿಂಗ್ ಗಮ್ ಪಟ್ಟಿಯಂಥ ಬೋರ್ಡು ಒಂದೇ ಸ್ಕ್ರೂನಲ್ಲಿ ಕೂತಿದ್ದರೆ ಎಂ.2. ಎಂ.2ದರಲ್ಲಿ ಎರಡು ಜಾತಿ: ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಬಹುತೇಕ ಎನ್‌ವಿಎಂಇ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸೇರಿಸಲು ಯುಎಸ್‌ಬಿ ಕೇಸ್ ಕೊಳ್ಳುವ ಮೊದಲು ಇದನ್ನು ನೋಡಿ. ತಪ್ಪು ಕೇಸಿನಲ್ಲಿ ಡಿಸ್ಕ್ ಕಾಣಿಸುವುದೇ ಇಲ್ಲ, ಜನ ಡಿಸ್ಕೇ ಸತ್ತಿದೆ ಎಂದುಕೊಳ್ಳುತ್ತಾರೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಆಗ ಬೋರ್ಡನ್ನೇ ನೀವು ಇಟ್ಟುಕೊಳ್ಳಬೇಕು.

ಬೇಕಾದ ಫೈಲು ನಕಲು ಮಾಡಿಕೊಂಡ ಮೇಲೆ ಅಳಿಸುವುದು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು, ಏಳು ಸಲ, ಮೂವತ್ತೈದು ಸಲ ಎನ್ನುವುದೆಲ್ಲ ಹಳೇ ಕಾಲದ ಮಾತು. ವಿಂಡೋಸಿನಲ್ಲಿ ಡಿಸ್ಕ್‌ಪಾರ್ಟ್ ಎಂಬ ಆಜ್ಞೆ ಕೊಡುವ ಸಾಧನ ತೆರೆದು "ಲಿಸ್ಟ್ ಡಿಸ್ಕ್" ಕೊಟ್ಟು, ಗಾತ್ರ ನೋಡಿ ಸರಿಯಾದ ಸಂಖ್ಯೆ ಆರಿಸಿ "ಕ್ಲೀನ್ ಆಲ್" ಕೊಡಿ. ಬರೀ "ಕ್ಲೀನ್" ಕೊಟ್ಟರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತದೆ, ಫೈಲು ಹಾಗೇ ಇರುತ್ತದೆ. ಸಂಖ್ಯೆ ಎರಡು ಸಲ ನೋಡಿ, ಇಲ್ಲಿ ತಪ್ಪಿದರೆ ನಿಮ್ಮ ಈಗಿನ ಕಂಪ್ಯೂಟರಿನದೇ ಅಳಿಯುತ್ತದೆ. 1 ಟೆರಾಬೈಟಿಗೆ ಮೂರು ಗಂಟೆಯ ಮೇಲೆ ಬೇಕು, ಹಳೇ ಯುಎಸ್‌ಬಿ 2.0 ಪೋರ್ಟಿನಲ್ಲಿ ರಾತ್ರಿಯಿಡೀ ಹಿಡಿಯುತ್ತದೆ.

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ, ಮೆಮರಿ ಚಿಪ್ಪಿನ ಡಿಸ್ಕಿಗೆ) ಈ ವಿಧಾನ ಸಾಲದು. ಅದು ಸವೆತ ಹಂಚಲು ಒಂದಷ್ಟು ಜಾಗವನ್ನು ಬಚ್ಚಿಟ್ಟುಕೊಂಡಿರುತ್ತದೆ, ನೀವು ಬರೆದ ಸೊನ್ನೆ ಅಲ್ಲಿಗೆ ತಲುಪುವುದಿಲ್ಲ. ಬಯೋಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಅಥವಾ ಡಿಸ್ಕ್ ತಯಾರಕರ ತಂತ್ರಾಂಶದಲ್ಲಿ "ಸೆಕ್ಯೂರ್ ಇರೇಸ್" ಅಥವಾ "ಸ್ಯಾನಿಟೈಸ್" ಇರುತ್ತದೆ, ಅದೇ ಸರಿಯಾದ ದಾರಿ. ಯುಎಸ್‌ಬಿ ಕೇಸಿನ ಮೂಲಕ ಆ ಆಜ್ಞೆ ಎಷ್ಟೋ ಸಲ ದಾಟುವುದಿಲ್ಲ, ಆದ್ದರಿಂದ ಇನ್ನೊಂದು ಕಂಪ್ಯೂಟರಿನ ಸ್ಲಾಟಿನಲ್ಲೇ ಕೂರಿಸಿ ಮಾಡಿ. ಎಲ್ಲಿಯೂ ಕಾಣಿಸದ ಡಿಸ್ಕ್ ಆದರೆ ಭೌತಿಕವಾಗಿ ಒಡೆಯಬೇಕು. ಎಸ್‌ಎಸ್‌ಡಿಯಲ್ಲಿ ಬೋರ್ಡು ಮುರಿದರೆ ಸಾಲದು, ಒಂದೊಂದು ಕಪ್ಪು ಮೆಮರಿ ಚಿಪ್ಪೂ ಒಡೆಯಬೇಕು. ಹಾರ್ಡ್ ಡಿಸ್ಕಿಗಾದರೆ ತಟ್ಟೆಗಳನ್ನು ದಾಟುವಂತೆ ಮೂರ್ನಾಲ್ಕು ಕಡೆ ಡ್ರಿಲ್. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿನ ತಟ್ಟೆ ಬಹಳ ಸಲ ಗಾಜಿನದು, ಹರಳು ಹರಳಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಸುತ್ತ ದಪ್ಪ ಬಟ್ಟೆ ಇಲ್ಲದೆ ಕೈ ಹಾಕಬೇಡಿ. ಬ್ಯಾಟರಿ ಪಕ್ಕದಲ್ಲಿರುವಾಗ ಡ್ರಿಲ್ ಹಿಡಿಯಲೇಬಾರದು, ಡಿಸ್ಕನ್ನು ಹೊರತೆಗೆದೇ ಮಾಡಿ.

ಫೋನಿನಲ್ಲಿ ಕ್ರಮ ಮುಖ್ಯ. ಮೊದಲು ಓಟಿಪಿ ಕೋಡ್ ಕೊಡುವ ಆಪ್ ಮತ್ತು ಬ್ಯಾಂಕ್ ಆಪ್‌ಗಳನ್ನು ಹೊಸ ಫೋನಿಗೆ ಸಾಗಿಸಿ, ಅಲ್ಲಿ ತೆರೆಯುತ್ತವೆಯೇ ನೋಡಿ. ಆಮೇಲೆ ಬ್ಯಾಕಪ್. ಆಮೇಲೆ ಆಂಡ್ರಾಯ್ಡಿನಲ್ಲಿ ಗೂಗಲ್ ಖಾತೆ ತೆಗೆಯಿರಿ, ಐಫೋನಿನಲ್ಲಿ "ಫೈಂಡ್ ಮೈ" ಆಫ್ ಮಾಡಿ. ಕೊನೆಗೆ ಸೆಟ್ಟಿಂಗಿನೊಳಗಿನಿಂದಲೇ ರೀಸೆಟ್. ಬಟನ್‌ಗಳನ್ನು ಒತ್ತಿ ಹಿಡಿದು ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ ಫೋನು ಹಳೇ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತಾ ಕೂರುತ್ತದೆ, ಮುಂದೆ ಬಳಸುವವರಿಗೆ ಅದು ಇಟ್ಟಿಗೆ. ಈಚಿನ ಫೋನುಗಳಲ್ಲಿ ಸಂಗ್ರಹವೆಲ್ಲ ಗೂಢಲಿಪಿಯಲ್ಲಿರುವುದರಿಂದ ರೀಸೆಟ್ ಮಾಡಿದಾಗ ಬೀಗದ ಕೈ ನಾಶವಾಗುತ್ತದೆ, ಅಷ್ಟು ಸಾಕು. ಮೆಮರಿ ಕಾರ್ಡಿಗೆ ಆ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ, ಸಿಮ್ ಜೊತೆ ಅದನ್ನೂ ತೆಗೆದುಬಿಡಿ.

ಎಲ್‌ಇಡಿ ಟಿವಿ ಸ್ಮಾರ್ಟ್ ಟಿವಿಯಾದರೆ ಅದರಲ್ಲೂ ನಿಮ್ಮ ಖಾತೆಗಳಿವೆ. ಚಿತ್ರ ಕಾಣದಿದ್ದರೂ ಆಯಾ ಸೇವೆಯ ಜಾಲತಾಣದಲ್ಲಿ "ಎಲ್ಲ ಸಾಧನಗಳಿಂದ ಸೈನ್ ಔಟ್" ಕೊಡಬಹುದು. ವೈಫೈ ರೌಟರ್ ಕೊಡುವುದಿದ್ದರೆ ಚಾಲೂ ಇರುವಾಗ ಸಣ್ಣ ತೂತಿನ ರೀಸೆಟ್ ಗುಂಡಿಯನ್ನು, ದೀಪಗಳೆಲ್ಲ ಒಮ್ಮೆಗೇ ಮಿಂಚುವತನಕ, ಹತ್ತು-ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ.

---

ಅಟ್ಟದ_ಸಾಮಾನು:

ಎಲ್ಲರಿಗೂ ಧನ್ಯವಾದ. ಟಾರ್ಚ್ ಪರೀಕ್ಷೆಯಲ್ಲಿ ಟಿವಿಯ ಚಿತ್ರ ಮಸುಕಾಗಿ ಕಂಡಿತು, ಹಾಗಾಗಿ ಅದು ಪಟ್ಟಿಯಿಂದ ಹೊರಗೆ, ರಿಪೇರಿಗೆ ಹೋಗುತ್ತದೆ. ಇನ್ನೆರಡು ಪ್ರಶ್ನೆ: ಡಿಸ್‌ಪ್ಲೇ ಕಪ್ಪಾದ ಫೋನನ್ನು ಅಳಿಸುವುದು ಹೇಗೆ? ಮತ್ತೆ ಸಿಎಫ್‌ಎಲ್‌ಗಳಲ್ಲಿ ಒಂದು ಸಾಗಿಸುವಾಗ ಒಡೆದರೆ?

---

ಸೊನ್ನೆ_ಒಂದು ಉತ್ತರ:

ರಿಂಗ್ ಆಗುತ್ತದೆ ಎಂದರೆ ಫೋನು ಜೀವಂತವಾಗಿದೆ, ಆದ್ದರಿಂದ ಅವಕಾಶವಿದೆ. ಟೈಪ್-ಸಿ ಪೋರ್ಟಿನಿಂದ ವಿಡಿಯೋ ಹೊರಬರುವ ಮಾದರಿಯಾದರೆ ಎಚ್‌ಡಿಎಂಐ ಅಡಾಪ್ಟರಿನಿಂದ ಟಿವಿಗೆ ಸೇರಿಸಿ, ಅದೇ ಅಡಾಪ್ಟರಿನ ಯುಎಸ್‌ಬಿ ತೂತಿಗೆ ಮೌಸ್ ಹಾಕಿ ಮಾಮೂಲಿಯಂತೆ ಬಳಸಬಹುದು. ಎಲ್ಲ ಫೋನುಗಳಲ್ಲೂ ಈ ಸೌಲಭ್ಯವಿಲ್ಲ. ಇಲ್ಲದಿದ್ದರೆ ಬೇರೆ ಕಂಪ್ಯೂಟರಿನಿಂದ ನಿಮ್ಮ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಆ ಫೋನು ಆರಿಸಿ, ದೂರದಿಂದಲೇ "ಇರೇಸ್" ಕೊಡಿ. ಫೋನಿಗೆ ಇಂಟರ್ನೆಟ್ ಸಿಗುತ್ತಿರಬೇಕು, ಆದ್ದರಿಂದ ಅದು ಮುಗಿಯುವತನಕ ಸಿಮ್ ತೆಗೆಯಬೇಡಿ, ಚಾರ್ಜು ಚೆನ್ನಾಗಿರಲಿ. ಅಳಿಸುವ ಆಜ್ಞೆ ಮುಟ್ಟಿತೆಂದು ಪಟ್ಟಿಯಲ್ಲಿ ಖಚಿತವಾದ ಮೇಲೆ ಮಾತ್ರ ಸಾಧನವನ್ನು ಖಾತೆಯಿಂದ ತೆಗೆಯಿರಿ. ಮೊದಲೇ ತೆಗೆದರೆ ಆಜ್ಞೆ ಕಳಿಸುವ ದಾರಿಯೇ ಹೋಗುತ್ತದೆ.

---

ಬೆಸುಗೆಕೋಲು ಉತ್ತರ:

ಸಿಎಫ್‌ಎಲ್ ಒಂದರಲ್ಲಿ ಪಾದರಸ ಸಾಮಾನ್ಯವಾಗಿ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಪ್ರಮಾಣ ಸಣ್ಣದು, ಗಾಬರಿ ಬೇಡ, ಆದರೆ ಗುಡಿಸಬೇಡಿ. ಪೊರಕೆ ಪಾದರಸವನ್ನು ಚದುರಿಸುತ್ತದೆ, ವ್ಯಾಕ್ಯೂಮ್ ಕ್ಲೀನರ್ ಅದನ್ನು ಆವಿಯಾಗಿಸಿ ಕೋಣೆಗೆಲ್ಲ ಊದುತ್ತದೆ. ಫ್ಯಾನ್, ಎಸಿ ನಿಲ್ಲಿಸಿ, ಕಿಟಕಿ ತೆರೆದು, ಮಕ್ಕಳು, ಸಾಕುಪ್ರಾಣಿಗಳ ಸಮೇತ ಹತ್ತು-ಹದಿನೈದು ನಿಮಿಷ ಹೊರಗಿರಿ. ಆಮೇಲೆ ಕೈಗವಸು ಹಾಕಿಕೊಂಡು ಎರಡು ಗಟ್ಟಿ ರಟ್ಟಿನಿಂದ ಚೂರುಗಳನ್ನು ಬಾಚಿ, ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ನೆಲ ಒರೆಸಿ, ರಟ್ಟು-ಟೇಪು-ಕಾಗದ ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಜಾಡಿಗೆ ಹಾಕಿ. ಜಾಡಿಯೂ ಉಳಿದ ಬಲ್ಬುಗಳ ಜೊತೆಗೇ ಹೋಗಲಿ. ಒಡೆಯದಂತೆ ಸಾಗಿಸಲು ಟ್ಯೂಬ್‌ಲೈಟನ್ನು ಹೊಸ ಟ್ಯೂಬ್ ಬಂದ ರಟ್ಟಿನ ಕೊಳವೆಯಲ್ಲೇ ಹಾಕಿ. ಸಿಎಫ್‌ಎಲ್ ಹೋಲ್ಡರಿನಿಂದ ತೆಗೆಯುವಾಗ ಗಾಜಿನ ಸುರುಳಿ ಹಿಡಿದು ತಿರುಗಿಸಬೇಡಿ, ಬುಡದ ಪ್ಲಾಸ್ಟಿಕ್ ಹಿಡಿಯಿರಿ. ಎಷ್ಟೋ ಬಲ್ಬು ಒಡೆಯುವುದು ಅಲ್ಲೇ.

ವಯರಿನ ಚೀಲ ಹಾಗೇ ಕೊಡಿ. ಸುಟ್ಟು ತಾಮ್ರ ತೆಗೆಯುವವರ ಕೈಗೆ ಮಾತ್ರ ಬೇಡ. ಪಿವಿಸಿ ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯ ಜೊತೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಒಳಗಿನ ತಾಮ್ರವೇ ಅದು ಹೆಚ್ಚಾಗಲು ನೆರವಾಗುತ್ತದೆ. ಚಾರ್ಜರುಗಳಲ್ಲಿ 12 ವೋಲ್ಟ್, 19 ವೋಲ್ಟಿನ ಒಂದೊಂದನ್ನು ಇಟ್ಟುಕೊಳ್ಳಿ, ರೌಟರಿಗೋ ಲ್ಯಾಪ್‌ಟಾಪಿಗೋ ಬೇಕಾದೀತು. ಬಳಸುವ ಮೊದಲು ವೋಲ್ಟೇಜ್ ಸರಿಸಮ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು, ಪಿನ್ನಿನ ನಡುವೆ ಧನವೋ ಋಣವೋ ಎಂಬ ಚಿತ್ರವೂ ಹೊಂದಬೇಕು.